ರೋಹಿಣಿ ಮಳೆಗೆ ಮೊದಲು ಅರ್ಧ ಕಿಲೋ ಮಣ್ಣು

(ಧಾರವಾಡದಲ್ಲಿ ಕೈತೋಟದ ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಬಿಸಿಲಿನಲ್ಲಿ, ಅದೂ ಮಣ್ಣಿನ ಮಾತು ಕೇಳಲಿಕ್ಕೆ, ಇಷ್ಟು ಮಂದಿ ಬಂದಿದ್ದೀರಿ. ಕೆಲವರು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿಕೊಂಡೇ ಬಂದಿದ್ದೀರಿ, ನೋಡಿದೆ. ಆ ಚೀಲಗಳನ್ನು ಸದ್ಯಕ್ಕೆ ಕುರ್ಚಿಯ ಕೆಳಗೆ ಇಡಿ. ಮಾತು ಮುಗಿಯುವ ಹೊತ್ತಿಗೆ ಅದನ್ನು ಹಿತ್ತಲಲ್ಲೇ ಸುರಿದು ಹೊಸದಾಗಿ ತೆಗೆಯೋಣ ಎಂದು ನಿಮಗೇ ಅನ್ನಿಸಬಹುದು.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮಧ್ಯದಲ್ಲಿ ಎದ್ದು ಹೋಗುವವರಿಗೆ ಅನುಕೂಲವಾಗಲಿ. ನಮ್ಮ ಹುಬ್ಬಳ್ಳಿ-ಧಾರವಾಡದ ಹಿತ್ತಲುಗಳಲ್ಲಿ ಗಿಡ ಸೊರಗಲು ನಾವು ಹಾಕದೆ ಬಿಟ್ಟದ್ದಕ್ಕಿಂತ ಹಾಕಿದ್ದೇ ಹೆಚ್ಚು ಕಾರಣ. ಒಲೆಯ ಬೂದಿ, ಮೊಟ್ಟೆಯ ಸಿಪ್ಪೆ, ಸುಣ್ಣ, ವರ್ಷವರ್ಷ ಡಿಎಪಿ (ಸಾರಜನಕ, ರಂಜಕದ ರಾಸಾಯನಿಕ ಗೊಬ್ಬರ), ಅದರ ಮೇಲೆ ಬುಟ್ಟಿಗಟ್ಟಲೆ ತಿಪ್ಪೆಗೊಬ್ಬರ. ಎಲ್ಲವೂ ಪ್ರೀತಿಯಿಂದ ಹಾಕಿದ್ದೇ. ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದಾಗ ಬಹಳ ಜನ ಕೇಳುವುದು, "ಏನ್ ಹಾಕಬೇಕ್ರಿ?" ಅಂತ. ಏನು ಹಾಕುವುದನ್ನು ಬಿಡಬೇಕು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಪರೀಕ್ಷೆಯ ದುಡ್ಡು ವಸೂಲಾಗುವುದು ಆ ಎರಡನೆಯ ಪ್ರಶ್ನೆಯಿಂದ.

ಮೊದಲು ಕಾಲದ ಮಾತು. ಮೊಬೈಲಿನಲ್ಲಿ ತೋಟದ ವಿಡಿಯೋ ನೋಡುವವರು "ವಸಂತದ ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ" ಎಂಬುದನ್ನು ಕೇಳಿರುತ್ತೀರಿ. ಅದು ಹಿಮ ಬೀಳುವ ದೇಶದವರ ಲೆಕ್ಕ; ಅವರಿಗೆ ಚಳಿ ಕಳೆದು ನೆಲ ಬೆಚ್ಚಗಾದಾಗ ಹಂಗಾಮು. ನಮಗೆ ವಸಂತ ಅಂದರೆ ಯುಗಾದಿ, ಯುಗಾದಿ ಅಂದರೆ ಕಪ್ಪು ಮಣ್ಣಿನ ಎರೆಹೊಲ ಬಾಯಿಬಿಡುವ ಕಾಲ. ಬೋರಿನ ನೀರು ಇದ್ದವರು ಆಗಲೂ ನಾಲ್ಕು ಮಡಿ ಮೆಂತೆ, ಹಕ್ಕರಕಿ ಹಾಕುತ್ತಾರೆ, ಅದು ಬೇರೆ. ನಮ್ಮ ದೊಡ್ಡ ಹಂಗಾಮು ರೋಹಿಣಿ, ಮಿರಗ ಮಳೆಯದು: ಮೇ ಕೊನೆಯ ವಾರದಿಂದ ಜೂನ್ ಮೂರನೆಯ ವಾರದವರೆಗೆ. ಹೀರೆ, ಚವಳಿ, ಬದನೆ, ಹೊಸ ಲಿಂಬೆ, ಪೇರಲ, ಎಲ್ಲ ಆಗಲೇ ನೆಲ ಹಿಡಿಯುವುದು. ವರದಿ ಕೈಗೆ ಬಂದು, ಅದನ್ನು ಓದಿ, ಬೇಕಾದ್ದನ್ನು ತಂದು, ಮಣ್ಣಿಗೆ ಬೆರೆಸಲು ಒಂದು ತಿಂಗಳಾದರೂ ಬೇಕು. ಹಾಗಾಗಿ ಮಾರ್ಚ್-ಏಪ್ರಿಲ್‌ನಲ್ಲೇ ಮಣ್ಣು ಕೊಟ್ಟುಬಿಡಿ. ಮೇ ಬಂತೆಂದರೆ ರೈತರು ಚೀಲ ಹಿಡಿದು ಬರುತ್ತಾರೆ. ಅವರ ಹೊಟ್ಟೆಪಾಡಿನ ಸರದಿಯಲ್ಲಿ ನಮ್ಮ ದಾಸವಾಳ ಅಡ್ಡ ಬರಬಾರದು. ಇನ್ನೊಂದು, ಎರೆ ಮಣ್ಣು ಬೇಸಿಗೆಯಲ್ಲಿ ಹಾರೆಗೂ ಜಗ್ಗುವುದಿಲ್ಲ. ಒಂದು ಅಡ್ಡಮಳೆ ಬಿದ್ದು, ಎರಡು-ಮೂರು ದಿನ ಆರಿದ ಮೇಲೆ ಅಗೆಯಿರಿ, ಹದವಾಗಿರುತ್ತದೆ.

ಪರೀಕ್ಷೆಯ ಮಣ್ಣನ್ನು ಗೊಬ್ಬರ ಹಾಕುವ ಮೊದಲು ತೆಗೆಯಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಹಾಕಿಬಿಟ್ಟಿದ್ದರೆ ಮೂರು ತಿಂಗಳು ಕಳೆಯಲಿ.

ಈಗ ನಮ್ಮ ಊರಿನ ನೆಲದ ಮಾತು. ಧಾರವಾಡ ಕೂತಿರುವ ಜಾಗವೇ ವಿಚಿತ್ರ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ಕಡೆ ಹೊರಟರೆ ಕೆಂಪು ಮಸಾರಿ, ಮಲೆನಾಡಿನ ಸೆರಗು. ಕೆಲಗೇರಿಯ ಆಪೂಸು ಮಾವು ಆ ಬದಿಯದು. ಪೂರ್ವಕ್ಕೆ ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದ, ಗದಗ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಎರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಹುಡುಗರು ಹುಡುಕಿಕೊಂಡು ಹೋಗುವುದು ಆ ಎರೆಯನ್ನೇ, ಅದರ ಜಿಗುಟಿಗಾಗಿ. ಮಳೆ ಜೋರಾಗಿ ಬೀಳುವ ಪಶ್ಚಿಮದಲ್ಲಿ ನೀರು ಮಣ್ಣಿನ ಸುಣ್ಣವನ್ನು ತೊಳೆದು ಕೆಳಕ್ಕೆ ಒಯ್ಯುತ್ತದೆ, ಮಣ್ಣು ಹುಳಿಯ ಕಡೆ ವಾಲುತ್ತದೆ. ಪೂರ್ವದಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಸುಣ್ಣ ಅಲ್ಲೇ ಉಳಿದು ಹರಳುಗಟ್ಟುತ್ತದೆ. ಎರೆ ಅಗೆದಾಗ ಸಿಗುವ ಬಿಳಿ ಹರಳುಗಳು ಅವೇ. ಹೀಗೆ ಎರಡು ತದ್ವಿರುದ್ಧ ಮಣ್ಣುಗಳು ಒಂದೇ ಅವಳಿ ನಗರದ ಎರಡು ತುದಿಗಳಲ್ಲಿ ಸಿಗುತ್ತವೆ. ಧಾರವಾಡದ ಪಶ್ಚಿಮ ಅಂಚಿನ ಮಸಾರಿಗೆ ಹಿಡಿ ಸುಣ್ಣ ಹಾಕಿ ಗಿಡ ನಳನಳಿಸಿದ್ದನ್ನು ನೋಡಿದ ತಂಗಿ, ಹುಬ್ಬಳ್ಳಿಯಾಚೆ ಎರೆಯಲ್ಲಿ ಮನೆ ಕಟ್ಟಿಕೊಂಡ ಅಕ್ಕನಿಗೆ ಅದನ್ನೇ ಹೇಳಿದರೆ ಅಕ್ಕನ ಮಲ್ಲಿಗೆ ಹಳದಿಯಾಗುವುದು ಖಂಡಿತ.

ಇವೆರಡರ ಮೇಲೆ ಈಗ ಮೂರನೆಯದೊಂದು ಬಂದು ಕೂತಿದೆ: ಲೇಔಟಿನ ಮಣ್ಣು. ಹೊಲವನ್ನು ಪ್ಲಾಟು ಮಾಡುವಾಗ ಮೇಲಿನ ಒಳ್ಳೆಯ ಮಣ್ಣು ಹೆರೆದು ಹೋಗುತ್ತದೆ, ಮೇಲೆ ಲಾರಿಗಟ್ಟಲೆ ಗರಸು (ಕಲ್ಲುಮಿಶ್ರಿತ ಮಣ್ಣು) ಬೀಳುತ್ತದೆ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಒಡೆದ ಇಟ್ಟಿಗೆ, ಗಿಲಾವು ಕೆರೆದ ಪುಡಿ ಎಲ್ಲ ಮನೆಯ ಸುತ್ತಲೇ ಹೂತು ಹೋಗುತ್ತದೆ. ಆಮೇಲೆ ಅದರ ಮೇಲೆ ಎರಡು ಇಂಚು ಕೆಂಪು ಮಣ್ಣು ಹರವಿ "ಕೈತೋಟ" ಅನ್ನುತ್ತೇವೆ. ಇಂಥ ಜಾಗದಲ್ಲಿ ಮೇಲಿನ ಎರಡು ಇಂಚು ಕೆರೆದು ಲ್ಯಾಬಿಗೆ ಕೊಟ್ಟರೆ ಬರುವುದು ಎಲ್ಲಿಂದಲೋ ಬಂದ ಕೆಂಪು ಮಣ್ಣಿನ ವರದಿ. ಬೇರು ಇಳಿಯುವುದು ಸಿಮೆಂಟಿನ ಸುಣ್ಣಕ್ಕೆ.

ಇಷ್ಟು ತಿಳಿದರೆ ಮಣ್ಣು ತೆಗೆಯುವ ಕೆಲಸಕ್ಕೆ ಏಕೆ ಇಷ್ಟು ಮಹತ್ವ ಕೊಡುತ್ತೇನೆ ಎಂಬುದು ಅರ್ಥವಾಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಮೂವತ್ತು-ನಲವತ್ತರ ಸೈಟು 1200 ಚದರಡಿ; ಗುಂಟೆ ಅಂದರೆ 1089 ಚದರಡಿ. ಒಂದು ಗುಂಟೆಯಲ್ಲಿ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು 22 ಟನ್ನು. ನೀವು ಕೊಡುವುದು ಅದರಲ್ಲಿ ಅರ್ಧ ಕಿಲೋ. ಲ್ಯಾಬಿನವರು ಸಾವಯವ ಇಂಗಾಲ (ಕೊಳೆತ ಎಲೆ, ಗೊಬ್ಬರದಿಂದ ಮಣ್ಣು ಸೇರಿದ ಇಂಗಾಲ) ನೋಡಲು ಅದರಲ್ಲಿ ತೂಗುವುದು ಒಂದು ಗ್ರಾಂ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಆ ಒಂದು ಗ್ರಾಂ 22 ಟನ್ನಿನ ಪರವಾಗಿ ಸಾಕ್ಷಿ ಹೇಳಬೇಕು. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ ಒಂದೇ ಹೊತ್ತು ಬೆಂದಿರುತ್ತದೆ. ಹಿತ್ತಲು ಹಾಗೆ ಬೆಂದಿರುವುದಿಲ್ಲ. ಬಚ್ಚಲ ನೀರು ಹೋಗುವ ಮೂಲೆ ಬೇರೆ, ಪಾತ್ರೆ ತಿಕ್ಕುವ ಜಾಗ ಬೇರೆ, ಹಿಂದೆ ದನ ಕಟ್ಟುತ್ತಿದ್ದ ಗೋದಲಿಯ ಜಾಗ ಇನ್ನೂ ಬೇರೆ. ಲ್ಯಾಬಿನ ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ನೀವು ಗೋದಲಿಯ ಮೂಲೆಯಿಂದ ತಂದದ್ದಕ್ಕೆ ಗೋದಲಿಯ ಉತ್ತರವನ್ನೇ ಕೊಡುತ್ತದೆ.

ತೆಗೆಯುವ ಕ್ರಮ ಹೀಗೆ. ಮೊದಲು ಹಿತ್ತಲನ್ನು ಕಣ್ಣಿನಲ್ಲೇ ಪಾಲು ಮಾಡಿಕೊಳ್ಳಿ. ಮಣ್ಣಿನ ಬಣ್ಣ ಬೇರೆ ಇದ್ದರೆ, ಗಿಡದ ಬೆಳವಣಿಗೆ ಬೇರೆ ಇದ್ದರೆ, ಗರಸು ತುಂಬಿದ ಭಾಗ ಬೇರೆ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಚೀಲ. ತಿಪ್ಪೆಗುಂಡಿ, ಬಚ್ಚಲ ಮೋರಿ, ಗೋಡೆಯ ಬುಡ, ದೊಡ್ಡ ಮರದ ಬುಡ ಬಿಟ್ಟುಬಿಡಿ. ಒಂದೊಂದು ಪಾಲಿನಲ್ಲಿ ಅಡ್ಡಾದಿಡ್ಡಿಯಾಗಿ ನಡೆಯುತ್ತ ಎಂಟು-ಹತ್ತು ಜಾಗ ಗುರುತು ಮಾಡಿ. ಮೇಲಿನ ಕಸ-ಕಡ್ಡಿ, ಒಣ ಎಲೆ ಸರಿಸಿ, ಆದರೆ ಮಣ್ಣು ಕೆರೆಯಬೇಡಿ. ಆರು ಇಂಚು ಆಳಕ್ಕೆ, ಮೇಲೆ ಅಗಲ ಕೆಳಗೆ ಚೂಪು ಇರುವ ತಗ್ಗು ತೋಡಿ. ತೋಡಿದ ಮಣ್ಣು ಬೇಡ. ತಗ್ಗಿನ ಒಂದು ಗೋಡೆಯಿಂದ, ಮೇಲಿನಿಂದ ತಳದವರೆಗೆ, ಒಂದು ಇಂಚು ದಪ್ಪದ ಹೋಳು ಕೊಯ್ದು ಬುಟ್ಟಿಗೆ ಹಾಕಿ. ಮೇಲೆ ಹೆಚ್ಚು ಕೆಳಗೆ ಕಡಿಮೆ ಬಂದರೆ ಲೆಕ್ಕ ತಪ್ಪುತ್ತದೆ. ಹೋಳು ಉದ್ದಕ್ಕೂ ಒಂದೇ ದಪ್ಪ ಇರಬೇಕು.

ಜಿಂಕ್, ಕಬ್ಬಿಣದ ಅಂಶ ನೋಡಿಸುವುದಿದ್ದರೆ ತುಕ್ಕು ಹಿಡಿದ ಸಲಿಕೆ, ಜಿಂಕಿನ ಬಕೆಟ್ ಮುಟ್ಟಬೇಡಿ. ತಗ್ಗನ್ನು ಯಾವುದರಿಂದಲಾದರೂ ತೋಡಿ, ಕೊನೆಯ ಹೋಳನ್ನು ಮಾತ್ರ ಬಿದಿರಿನ ಸೀಳಿನಿಂದಲೋ ಸ್ಟೀಲಿನ ಕುರಪಿಯಿಂದಲೋ ಕೊಯ್ದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದರೆ ಸಾಕು.

ಎಲ್ಲ ಹೋಳುಗಳನ್ನು ಹಳೆಯ ಧೋತರದ ಮೇಲೆ ಸುರಿದು, ಹೆಂಟೆ ಒಡೆದು, ಚೆನ್ನಾಗಿ ಕಲಸಿ. ದುಂಡಗೆ ಹರವಿ, ಮಧ್ಯದಲ್ಲಿ ಅಡ್ಡ-ಉದ್ದ ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಹಿತ್ತಲಿಗೆ ವಾಪಸು. ಉಳಿದ ಎರಡನ್ನು ಮತ್ತೆ ಕಲಸಿ, ಮತ್ತೆ ನಾಲ್ಕು. ಅರ್ಧ ಕಿಲೋ ಉಳಿಯುವವರೆಗೂ ಇದೇ. ನೆರಳಿನಲ್ಲಿ ಆರಿಸಿ; ಬಿಸಿಲು ಬೇಡ, ಒಲೆಯ ಮುಂದೆ ಖಂಡಿತ ಬೇಡ. ಬಟ್ಟೆಯ ಚೀಲಕ್ಕೆ ತುಂಬಿ, ಹೆಸರು, ಜಾಗ, ಆಳ, ತಾರೀಕು, ಏನು ಬೆಳೆಯಬೇಕೆಂದಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದು ಇಡಿ. ಯೂರಿಯಾ ಚೀಲದ ತುಂಡಿನಲ್ಲಿ ಕಟ್ಟಿಕೊಂಡು ಬರುವವರನ್ನು ಇವತ್ತಿಗೂ ನೋಡುತ್ತೇನೆ. ಸಾರಜನಕ ಭರ್ಜರಿ ಬರುತ್ತದೆ ಬಿಡಿ!

ಮಾವು, ಲಿಂಬೆ, ತೆಂಗು ಹಚ್ಚುವವರಿಗೆ ಆರು ಇಂಚು ಸಾಲದು. ಮೂರು ಅಡಿ ತಗ್ಗು ತೆಗೆದು, ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಕೊಡಿ. ಮೇಲಿನ ಅಡಿ ಚಂದ ಇದ್ದು ಎರಡನೆಯ ಅಡಿಯಲ್ಲಿ ಸುಣ್ಣದ ಹರಳಿನ ಪದರು ಸಿಕ್ಕರೆ ಲಿಂಬೆ ಮೂರು ವರ್ಷ ಬೆಳೆದು ಆಮೇಲೆ ಮುನಿಸಿಕೊಳ್ಳುತ್ತದೆ.

ಗರಸು ತುಂಬಿದ ಜಾಗದವರು ಇನ್ನೊಂದನ್ನು ನೆನಪಿಡಬೇಕು. ಲ್ಯಾಬಿನಲ್ಲಿ ಮಣ್ಣನ್ನು ಎರಡು ಮಿಲಿಮೀಟರಿನ ಜರಡಿಯಲ್ಲಿ ಹಾಯಿಸುತ್ತಾರೆ. ಕಲ್ಲು ಹೊರಗೆ, ಪುಡಿ ಮಾತ್ರ ಪರೀಕ್ಷೆಗೆ. ನಿಮ್ಮ ನೂರು ಪಾಲಿನಲ್ಲಿ ನಲವತ್ತು ಕಲ್ಲೇ ಇದ್ದರೆ ವರದಿ ಉಳಿದ ಅರವತ್ತರದ್ದು. ವರದಿಯಲ್ಲಿ "ಮಧ್ಯಮ" ಅಂತ ಬಂದರೂ ಬೇರಿಗೆ ಸಿಗುವುದು ಅದಕ್ಕಿಂತ ಕಡಿಮೆ. ಅಂಥ ಜಾಗದಲ್ಲಿ ಗೊಬ್ಬರದ ಲೆಕ್ಕಕ್ಕಿಂತ ಮಡಿ ಎತ್ತರಿಸಿ ಒಳ್ಳೆಯ ಮಣ್ಣು ತುಂಬುವುದೇ ಬುದ್ಧಿವಂತಿಕೆ.

ಸರಿ, ವರದಿ ಬಂತು ಅಂದುಕೊಳ್ಳಿ. 2015ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶ ಇರುತ್ತವೆ: ರಸಸಾರ (ಪಿಎಚ್, ಮಣ್ಣಿನ ಹುಳಿ-ಕ್ಷಾರದ ಅಳತೆ), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಜಿಂಕ್, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಹನ್ನೆರಡನ್ನೂ ಒಂದೇ ಶ್ರದ್ಧೆಯಿಂದ ಓದಬೇಕಿಲ್ಲ. ನಮ್ಮ ಭಾಗಕ್ಕೆ ಮೊದಲು ರಸಸಾರ.

ರಸಸಾರ 6.5ರಿಂದ 7.5ರೊಳಗೆ ಇದ್ದರೆ ಬಹುತೇಕ ತರಕಾರಿಗೆ ಸುಖ. ಎರೆಯಲ್ಲಿ 8, 8.3 ಬರುವುದು ಸಾಮಾನ್ಯ. ಗಾಬರಿ ಬೇಡ, ಅದು ಸುಣ್ಣದ ಗುರುತು. 8.5 ದಾಟಿದರೆ ಸುಣ್ಣದ ಜೊತೆ ಸೋಡಿಯಂ ಸೇರಿದೆ ಎಂಬ ಗುಮಾನಿ. ನವಲಗುಂದ, ನರಗುಂದ, ರೋಣದ ಮಲಪ್ರಭಾ ಅಚ್ಚುಕಟ್ಟಿನವರಿಗೆ ಸವುಳು-ಜವುಳು, ಅಂದರೆ ನೆಲ ಉಪ್ಪಾಗಿ ನೀರು ನಿಲ್ಲುವ ಕಾಟ, ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಟ್ಟಲಲ್ಲಿ ಮಳೆ ನೀರು ಹಾಕಿ, ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನು ಅಲುಗಿಸದೆ ಅದರಲ್ಲಿ ಬಿಡಿ. ಹೆಂಟೆ ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಸೋಡಿಯಂ ಕಾಟ ಇಲ್ಲ. ಹೆಂಟೆಯ ಸುತ್ತ ರಾಡಿಯ ಮಬ್ಬು ಹರಡಿ ಗಂಟೆಗಟ್ಟಲೆ ಇಳಿಯದಿದ್ದರೆ ಸೋಡಿಯಂ ಇದೆ. ಅದಕ್ಕೆ ಜಿಪ್ಸಂ ಮದ್ದು, ಜೊತೆಗೆ ನೀರು ಬಸಿದು ಹೋಗಲು ದಾರಿ. ಬರೀ ಸುಣ್ಣದಿಂದ ಏರಿದ ರಸಸಾರಕ್ಕೆ ಜಿಪ್ಸಂ ಹಾಕಿ ಉಪಯೋಗವಿಲ್ಲ, ಇದು ಬಹಳ ಜನ ತಪ್ಪು ತಿಳಿದುಕೊಂಡಿರುವ ವಿಷಯ.

ಸುಣ್ಣ ಇದೆಯೇ ಎಂದು ನೋಡಲು ಇನ್ನೂ ಸುಲಭ: ಒಣ ಮಣ್ಣಿನ ಮೇಲೆ ಲಿಂಬೆ ಹುಳಿ ಹಿಂಡಿ. ಚುರುಗುಟ್ಟಿ ಗುಳ್ಳೆ ಎದ್ದರೆ ಸುಣ್ಣ ಇದೆ. ಗುಳ್ಳೆ ಎದ್ದವರು ಇವತ್ತಿನಿಂದ ಬೂದಿ, ಮೊಟ್ಟೆ ಸಿಪ್ಪೆಯ ಪುಡಿ, ಡಾಲಮೈಟು ಮೂರನ್ನೂ ನಿಲ್ಲಿಸಿ. ಮೊಟ್ಟೆಯ ಸಿಪ್ಪೆ ಅಂದರೆ ಸುಣ್ಣದ ಕಲ್ಲೇ. ಬೂದಿಯಲ್ಲಿ ಸುಣ್ಣವೂ ಇದೆ, ಪೊಟ್ಯಾಷೂ ಇದೆ. ನಮ್ಮ ಎರೆಯಲ್ಲಿ ಎರಡಕ್ಕೂ ಬರವಿಲ್ಲ. ಪಶ್ಚಿಮದ ಹುಳಿ ಮಸಾರಿಯವರಿಗೆ ಇದೇ ಬೂದಿ ಅಮೃತ. ಪರೀಕ್ಷೆ ಮಾಡಿಸದೆ ಯಾವ ಕಡೆಯವರು ನೀವು ಎಂದು ಹೇಳುವುದು ಕಷ್ಟ, ವಿಶೇಷವಾಗಿ ಬೇರೆ ಕಡೆಯಿಂದ ಮಣ್ಣು ತರಿಸಿ ಹಾಕಿದ್ದರೆ.

"ಹಂಗಾರ ಗಂಧಕ ಹಾಕಿ ರಸಸಾರ ಇಳಸ್ತೇನ್ರಿ" ಅನ್ನುವವರಿದ್ದಾರೆ. ಪುಸ್ತಕದಲ್ಲಿ ಹಾಗೇ ಇದೆ, ತಪ್ಪಲ್ಲ. ಆದರೆ ಲೆಕ್ಕ ಹಾಕಿ. ಮಣ್ಣಿನಲ್ಲಿ ನೂರಕ್ಕೆ ಒಂದೇ ಒಂದು ಪಾಲು ಸುಣ್ಣ ಇದೆ ಅಂದುಕೊಂಡರೂ ಒಂದು ಗುಂಟೆಯ ಮೇಲಿನ ಆರು ಇಂಚಿನಲ್ಲಿ ಸುಮಾರು 225 ಕಿಲೋ ಸುಣ್ಣ. ಅದನ್ನು ಪೂರ್ತಿ ಕರಗಿಸಲು 70 ಕಿಲೋಗೂ ಮಿಕ್ಕಿ ಗಂಧಕ ಬೇಕು. ಎಷ್ಟೋ ಎರೆ ಮಣ್ಣಿನಲ್ಲಿ ಸುಣ್ಣ ಒಂದು ಪಾಲಲ್ಲ, ಐದು, ಹತ್ತು ಪಾಲು ಇರುತ್ತದೆ. ಸುಣ್ಣ ಮುಗಿಯುವವರೆಗೂ ರಸಸಾರ ಹೆಚ್ಚೇನೂ ಕೆಳಗೆ ಬರುವುದಿಲ್ಲ. ನೀವು ತರುವ ಒಂದು ಕಿಲೋ ಪೊಟ್ಟಣ ಎಲ್ಲಿಗೆ ಮುಟ್ಟೀತು? ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಹಾಕುವ ನಮ್ಮ ಅಜ್ಜಿಯರ ರೂಢಿಯೂ ಇದೇ ಜಾತಿಯದು. ಅದರ ಹಿಂದಿನ ಯೋಚನೆ ಸರಿಯಾಗಿಯೇ ಇದೆ, ಪ್ರಮಾಣ ಮಾತ್ರ ಸಾಲದು. ಮಜ್ಜಿಗೆ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಮಜ್ಜಿಗೆ ಹಾಕಿದ್ದೇನೆ, ಇನ್ನು ಮಣ್ಣು ಸರಿಹೋಯಿತು ಅಂದುಕೊಳ್ಳಬೇಡಿ. ಸುಣ್ಣದ ನೆಲದಲ್ಲಿ ಜಾಣತನ ಎಂದರೆ ಆ ನೆಲಕ್ಕೆ ಒಗ್ಗುವುದನ್ನು ನೆಲದಲ್ಲಿ ಬೆಳೆಸುವುದು. ಹಟ ಮಾಡುವ ಗುಲಾಬಿಯನ್ನು ದೊಡ್ಡ ಕುಂಡದಲ್ಲಿ ಮಸಾರಿ ತುಂಬಿ ಇಡುವುದು.

ಮುಂದಿನದು ರಂಜಕ. ಇದು ಹಿತ್ತಲಿನವರ ನಿಜವಾದ ಸಮಸ್ಯೆ. ಸಾರಜನಕ ನೀರಿನ ಜೊತೆ ಇಳಿದು ಹೋಗುತ್ತದೆ, ಗಾಳಿಗೂ ಹಾರುತ್ತದೆ. ರಂಜಕ ಕೂತಲ್ಲೇ ಕೂರುತ್ತದೆ. ಹತ್ತು ವರ್ಷ ಡಿಎಪಿ ಹಾಕಿದ್ದರೆ ಗಿಡ ಬಳಸಿದ್ದು ಬಿಟ್ಟು ಉಳಿದದ್ದೆಲ್ಲ ಅಲ್ಲೇ ಇದೆ. ತಿಪ್ಪೆಗೊಬ್ಬರ, ಕೋಳಿಗೊಬ್ಬರದಲ್ಲೂ ರಂಜಕ ಇರುತ್ತದೆ. ಅದು ಅತಿಯಾದರೆ ಗಿಡಕ್ಕೆ ಜಿಂಕ್, ಕಬ್ಬಿಣ ಸಿಗುವುದು ಕಷ್ಟವಾಗುತ್ತದೆ. ಎಲೆ ಹಳದಿಯಾಗುತ್ತದೆ, ನಾವು ಮತ್ತೆ ಡಿಎಪಿ ಹಾಕುತ್ತೇವೆ. ವರದಿಯಲ್ಲಿ ರಂಜಕದ ಎದುರು "ಹೆಚ್ಚು" ಅಂತ ಬಂದರೆ ಎರಡು-ಮೂರು ವರ್ಷ ಡಿಎಪಿಯ ಅಂಗಡಿಗೆ ಹೋಗಬೇಡಿ. ಒಂದು ಎಚ್ಚರ: ಕೆಲವು ವರದಿಯಲ್ಲಿ ಬರೀ ರಂಜಕ ಎಂದೂ, ಕೆಲವದರಲ್ಲಿ ರಂಜಕದ ಆಕ್ಸೈಡ್ ರೂಪದಲ್ಲೂ ಅಂಕಿ ಕೊಡುತ್ತಾರೆ. ಮೊದಲನೆಯದನ್ನು 2.29ರಿಂದ ಗುಣಿಸಿದರೆ ಎರಡನೆಯದು. ಪಕ್ಕದ ಮನೆಯ ವರದಿಯ ಜೊತೆ ಹೋಲಿಸಿ ಸಂತೋಷವನ್ನೋ ಹೊಟ್ಟೆಕಿಚ್ಚನ್ನೋ ಪಡುವ ಮೊದಲು ಅದನ್ನು ನೋಡಿಕೊಳ್ಳಿ.

ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಚೆನ್ನಾಗಿದೆ. ನಮ್ಮ ಬಿಸಿಲಿಗೆ ಅದು ಬೇಗ ಸುಟ್ಟುಹೋಗುತ್ತದೆ. ಒಣ ಎಲೆಗೆ ಬೆಂಕಿ ಇಡುವುದನ್ನು ಬಿಟ್ಟು ಮಡಿಗೆ ಹೊದಿಸಿದರೆ ಇದೊಂದು ಅಂಕಿ ನಿಧಾನಕ್ಕೆ ಏರುತ್ತದೆ. ಲವಣಾಂಶ ಒಂದರ ಕೆಳಗಿದ್ದರೆ ಮುಂದೆ ಹೋಗಿ. ಪೊಟ್ಯಾಷ್ ಎರೆಯಲ್ಲಿ ಸಾಮಾನ್ಯವಾಗಿ ಸಾಕಷ್ಟು. ಸಾರಜನಕದ ಅಂಕಿಯನ್ನು ನಾನು ಹೆಚ್ಚು ನೆಚ್ಚುವುದಿಲ್ಲ, ಒಂದು ದೊಡ್ಡ ಮಳೆ ಬಂದರೆ ಅದು ಬದಲಾಗಿರುತ್ತದೆ.

ಜಿಂಕ್, ಬೋರಾನಿನಂಥ, ಗಿಡಕ್ಕೆ ಚೂರೇ ಬೇಕಾಗುವ ಲಘು ಪೋಷಕಾಂಶಗಳ ವಿಚಾರಕ್ಕೆ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಕೆಲಸ ಆಗಿದೆ. 2009ರಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಸರ್ಕಾರ ಶುರು ಮಾಡಿದ ಭೂಚೇತನ ಯೋಜನೆ. ಒಣಬೇಸಾಯದ ಹೊಲಗಳ ಮಣ್ಣು ನೋಡಿದಾಗ ಗಂಧಕ, ಜಿಂಕ್, ಬೋರಾನ್ ಮೂರರ ಕೊರತೆ ವ್ಯಾಪಕವಾಗಿ ಕಂಡಿತು. ಹಾಗಾಗಿ ವರದಿಯಲ್ಲಿ, ಹತ್ತು ಲಕ್ಷ ಪಾಲಿಗೆ ಇಷ್ಟು ಎಂಬ ಪಿಪಿಎಮ್ ಲೆಕ್ಕದಲ್ಲಿ, ಜಿಂಕ್ 0.6 ಪಿಪಿಎಮ್‌ಗಿಂತ, ಬೋರಾನ್ 0.5ಕ್ಕಿಂತ, ಗಂಧಕ 10ಕ್ಕಿಂತ ಕೆಳಗಿದ್ದರೆ ಅದನ್ನು ತಾತ್ಸಾರ ಮಾಡಬೇಡಿ. ಆದರೆ ಬೋರಾನ್ ವಿಷಯದಲ್ಲಿ ಕೈ ಬಿಗಿಯಿರಲಿ. ಅದರ ಕೊರತೆಗೂ ವಿಷಕ್ಕೂ ನಡುವಿನ ಅಂತರ ತೀರ ಸಣ್ಣದು.

ಕೈ ಬಿಗಿ ಅಂದೆನಲ್ಲ, ಅಲ್ಲಿಯೇ ಇನ್ನೊಂದು ತೊಡಕಿದೆ. ಶಿಫಾರಸು ಬರುವುದು ಎಕರೆಗೋ ಹೆಕ್ಟೇರಿಗೋ, ನಮ್ಮದು ಹತ್ತಡಿ-ಹತ್ತಡಿ ಮಡಿ. ಎಕರೆಗೆ ನಲವತ್ತು ಗುಂಟೆ, ಆದ್ದರಿಂದ ಎಕರೆಯ ಲೆಕ್ಕವನ್ನು ನಲವತ್ತರಿಂದ ಭಾಗಿಸಿ. ಜಿಂಕ್ ಸಲ್ಫೇಟ್ ಎಕರೆಗೆ 10 ಕಿಲೋ ಅಂದರೆ ಗುಂಟೆಗೆ 250 ಗ್ರಾಂ, ಹತ್ತಡಿ ಮಡಿಗೆ 23 ಗ್ರಾಂ. ನಮ್ಮ ರೂಢಿಯ "ಒಂದು ಮುಷ್ಟಿ" ಇದಕ್ಕಿಂತ ಎಷ್ಟೋ ಹೆಚ್ಚು. ಅಡುಗೆಮನೆಯ ತಕ್ಕಡಿ ತನ್ನಿ, ಮನೆಯವರ ಅನುಮತಿ ಪಡೆದು. ತೂಗಿದ್ದನ್ನು ಒಂದು ಬುಟ್ಟಿ ಹುಡಿ ಮಣ್ಣಿಗೆ ಕಲಸಿ ಎರಚಿದರೆ ಸಮನಾಗಿ ಬೀಳುತ್ತದೆ.

ಎಲ್ಲಿ ಕೊಡಬೇಕು? ಧಾರವಾಡದವರಿಗೆ ಎತ್ತಿನಗುಡ್ಡದ ಬಳಿಯ ಕೃಷಿ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. 1947ರ ಕೃಷಿ ಕಾಲೇಜು, 1986ರಲ್ಲಿ ವಿಶ್ವವಿದ್ಯಾಲಯವಾಯಿತು. ಈ ಸೀಮೆಯ ಮಣ್ಣನ್ನು ಅವರಷ್ಟು ನೋಡಿದವರು ಇಲ್ಲ. ಗದಗಿನವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯವರಿಗೆ ಹನುಮನಮಟ್ಟಿಯದು. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರ ಹೋಬಳಿಗೊಂದು ಇದೆ, ಆದರೆ ಅಲ್ಲಿ ಕಾರ್ಡು ಹೊಲದ ಸರ್ವೇ ನಂಬರಿನ ಮೇಲೆ ನಡೆಯುವ ಕೆಲಸ. ಪ್ಲಾಟಿನವರು ಶುಲ್ಕ ಕಟ್ಟಿ ಲ್ಯಾಬಿನಲ್ಲಿ ಮಾಡಿಸಿಕೊಳ್ಳುವುದೇ ನೆಟ್ಟಗಿನ ದಾರಿ. ಹೋಗುವಾಗ ಕೇಳಿ: ಲಘು ಪೋಷಕಾಂಶ ಸೇರಿದೆಯೇ? ಸುಣ್ಣದ ಪ್ರಮಾಣ ನೋಡುತ್ತೀರಾ? ಇವೆರಡು ಇಲ್ಲದ ವರದಿ ಎರೆಯವರಿಗೆ ಅರ್ಧ ವರದಿ.

ಇನ್ನು ನಿಮ್ಮ ಪ್ರಶ್ನೆಗಳು.

"ಸರ್ರ, ನಮ್ಮ ಲಿಂಬಿ ಗಿಡದ ಚಿಗುರು ಬರೇ ಹಳದಿ ಬರಾಕತ್ತೈತಿ. ಯೂರಿಯಾ ಹಾಕೀನಿ, ಡಿಎಪಿ ಹಾಕೀನಿ, ಏನೂ ಫರಕ ಇಲ್ರಿ."

ಅಕ್ಕಾರ, ಹಳದಿ ಇರುವುದು ಹೊಸ ಎಲೆಯೋ ಹಳೆಯದೋ? ಹೊಸದು ಅಂದಿರಿ. ನರ ಹಸಿರಾಗಿದ್ದು ನಡುವಿನ ಜಾಗ ಹಳದಿ ಆದರೆ ಕಬ್ಬಿಣದ ಕೊರತೆ. ಎಲೆ ಸಣ್ಣದಾಗಿ, ಚುಕ್ಕೆ ಚುಕ್ಕೆ ಹಳದಿಯಾದರೆ ಜಿಂಕ್. ಸಾರಜನಕದ ಕೊರತೆ ಹಳೆಯ ಎಲೆಯಿಂದ ಶುರುವಾಗುತ್ತದೆ, ಹಾಗಾಗಿ ಯೂರಿಯಾ ಇಲ್ಲಿ ಮದ್ದಲ್ಲ. ಡಿಎಪಿ ನಿಲ್ಲಿಸಿ. ನೀರೂ ಕಡಿಮೆ ಮಾಡಿ. ಸುಣ್ಣದ ಮಣ್ಣು ಯಾವಾಗಲೂ ಹಸಿಯಾಗಿದ್ದರೆ ಬೇರಿಗೆ ಕಬ್ಬಿಣ ಇನ್ನೂ ಸಿಗುವುದಿಲ್ಲ. ಸದ್ಯಕ್ಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಅದೇ ಪುಡಿಯನ್ನು ಬುಡಕ್ಕೆ ಹಾಕಿದರೆ ಸುಣ್ಣ ಅದನ್ನು ತುಕ್ಕು ಮಾಡಿ ಕೂರಿಸುತ್ತದೆ. ಅಂಗಡಿಯಲ್ಲಿ ಚೀಲೇಟ್ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಕೂರದಂತೆ ಬೇರೊಂದು ವಸ್ತುವಿನಲ್ಲಿ ಹಿಡಿದಿಟ್ಟ ಕಬ್ಬಿಣ, ಕೇಳಿದರೆ ಬಹಳ ಕಡೆ ಇಡಿಟಿಎ ಎಂಬ ಬಗೆಯದನ್ನು ಕೊಡುತ್ತಾರೆ. ನಿಮ್ಮ ಮಣ್ಣಿನ ರಸಸಾರದಲ್ಲಿ ಅದು ಬುಡಕ್ಕೆ ಹಾಕಿದರೆ ನಿಲ್ಲುವುದಿಲ್ಲ. ಇಡಿಡಿಎಚ್‌ಎ ಎಂಬುದು ನಿಲ್ಲುತ್ತದೆ, ತುಟ್ಟಿ.

"ಮಾಳಿಗಿ ಮ್ಯಾಲಿನ ಕುಂಡದ ಮಣ್ಣು ಟೆಸ್ಟ್ ಮಾಡಸಬೌದೇನ್ರಿ?"

ಮಾಡಿಸಬಹುದು, ಓದುವಾಗ ಹುಷಾರು. ಹೆಕ್ಟೇರಿಗೆ ಇಷ್ಟು ಕಿಲೋ ಎಂಬ ಅಂಕಿಯ ಹಿಂದೆ ಒಂದು ಊಹೆ ಇದೆ: ಹೆಕ್ಟೇರಿನ ಆರು ಇಂಚು ಮಣ್ಣು 22.4 ಲಕ್ಷ ಕಿಲೋ ತೂಗುತ್ತದೆ ಅಂತ. ಅರ್ಧ ತೆಂಗಿನ ನಾರಿನ ಪುಡಿಯೇ ಇರುವ ಕುಂಡದ ಮಿಶ್ರಣ ಅಷ್ಟು ಭಾರ ಇರುವುದಿಲ್ಲ. ರಸಸಾರ, ಲವಣಾಂಶ ಎರಡನ್ನು ನಂಬಿ, ಉಳಿದದ್ದನ್ನು ಬಿಡಿ. ಕುಂಡದಲ್ಲಿ ಬೋರಿನ ನೀರಿನ ಉಪ್ಪು ಬೇಗ ಕೂಡುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಮಣ್ಣಿನ ಜೊತೆ ಒಂದು ಬಾಟಲಿ ನೀರನ್ನೂ ಪರೀಕ್ಷೆಗೆ ಕೊಡಿ. ನೆಲದ ತೋಟದವರಿಗೂ ಇದು ಅನ್ವಯ.

"ಆನ್‌ಲೈನ್‌ನಲ್ಲಿ ಸಿಗೋ ಮೀಟರ್? ಮಣ್ಣಿಗೆ ಚುಚ್ಚಿದರ ರಸಸಾರ ತೋರಸ್ತಾವಲ್ರೀ."

ಎರಡು ಮುಳ್ಳಿನವು ತಾನೇ. ಮಣ್ಣು ಒಣಗಿದ್ದರೆ ಒಂದು ಅಂಕಿ, ನೀರು ಹಾಕಿದರೆ ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಆ ದುಡ್ಡಿಗೆ ಒಳ್ಳೆಯ ಕುರಪಿ ಬರುತ್ತದೆ.

"ನಮ್ಮ ಮನಿ ಬಾಜೂಕ ಹಿಂದಕ ಬ್ಯಾಟರಿ ರಿಪೇರಿ ಅಂಗಡಿ ಇತ್ರಿ. ಪಾಲಕ ಹಾಕಬೌದೋ?"

ಒಳ್ಳೆಯ ಪ್ರಶ್ನೆ. ನಾನು ಹೇಳಿದ ಹನ್ನೆರಡು ಅಂಶಗಳಲ್ಲಿ ಸೀಸ ಇಲ್ಲ. ಎಲ್ಲ ಹನ್ನೆರಡೂ ಚೆನ್ನಾಗಿ ಬಂದ ಮಣ್ಣಿನಲ್ಲೂ ಸೀಸ ಇರಬಹುದು. ಭಾರಲೋಹದ ಪರೀಕ್ಷೆ ಬೇರೆ, ಅದನ್ನು ಬಾಯಿಬಿಟ್ಟು ಕೇಳಿ ಮಾಡಿಸಬೇಕು. ಹಳೆಯ ಬಣ್ಣ ಕೆರೆದು ಬೀಳಿಸಿದ ಗೋಡೆಯ ಬುಡಕ್ಕೂ ಇದೇ ಮಾತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಮ್ ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ವರದಿ ಬರುವವರೆಗೆ ಸೊಪ್ಪು, ಗಡ್ಡೆ ಅಲ್ಲಿ ಬೇಡ. ಮಕ್ಕಳನ್ನೂ ಆ ಮಣ್ಣಿನಲ್ಲಿ ಆಡಲು ಬಿಡಬೇಡಿ. ಹೂವು ಬೆಳೆಯಿರಿ.

"ವರ್ಷಾ ವರ್ಷಾ ಮಾಡಸಬೇಕೇನ್ರಿ?"

ಬೇಡ. ರಸಸಾರ, ರಂಜಕ, ಪೊಟ್ಯಾಷ್ ನಿಧಾನಕ್ಕೆ ಬದಲಾಗುವಂಥವು, ಮೂರು ವರ್ಷಕ್ಕೊಮ್ಮೆ ಸಾಕು. ಹೊಸ ಮಣ್ಣು ಸುರಿದಿದ್ದರೆ, ಬೋರು ಬದಲಾಗಿದ್ದರೆ ಮಾತ್ರ ಬೇಗ. ಮುಂದಿನ ಸಲವೂ ಅದೇ ತಿಂಗಳು, ಅದೇ ಆಳ, ಸಾಧ್ಯವಾದರೆ ಅದೇ ಲ್ಯಾಬು, ಇಲ್ಲದಿದ್ದರೆ ಎರಡು ವರದಿಗಳನ್ನು ಹೋಲಿಸಲು ಬರುವುದಿಲ್ಲ. ಹಳೆಯ ವರದಿಯನ್ನು ಮನೆ ಕಟ್ಟಿದ ಕಾಗದಪತ್ರದ ಫೈಲಿನಲ್ಲೇ ಇಡಿ. ನಡುವಿನ ಮೂರು ವರ್ಷ ಏನೇನು ಹಾಕಿದಿರಿ ಎಂಬುದನ್ನು ಅದರ ಹಿಂಬದಿಯಲ್ಲೇ ಬರೆಯುತ್ತ ಹೋಗಿ, ತೂಕದ ಸಮೇತ.